ಸಂಬಂಧವಿಲ್ಲದ ಒಂದು ಮಗು ಬೇಕಾಗಿದೆ

ಬ್ರಿನ್ ಅವೆಲ್, ಚಾಪೆಲ್ ಬೀದಿ
3 ಸೆಪ್ಟೆಂಬರ್ 2007

ಶ್ರೀಮತಿ ಡಿಲಿಸ್ ಎಲ್ಲಿಸ್ ಅವರಿಗೆ,

ಎದುರು ಮನೆಯಿಂದ ಅಂಚೆಯಲ್ಲಿ ಪತ್ರ ಬಂತೆಂದು ಗಾಬರಿಯಾಗಬೇಡಿ. ಬಂದು ಬಾಗಿಲು ತಟ್ಟಲು ನನಗೆ ಮನಸ್ಸಿಲ್ಲ, ತೆರೆಯಲು ನಿಮಗೂ ಇರಲಾರದು. ಎಂಟು ವರ್ಷ ಮಾತು ಬಿಟ್ಟು ಇದ್ದವರು ಇನ್ನೆಂಟು ವರ್ಷ ಇರಬಹುದು, ಅದಕ್ಕೆ ನನ್ನ ಅಡ್ಡಿಯೇನಿಲ್ಲ. ಆದರೆ ಈಗ ಒಂದು ಗರಜು ಬಿದ್ದಿದೆ. ಸುತ್ತು ಬಳಸದೆ ಹೇಳಿಬಿಡುತ್ತೇನೆ. ನನಗೆ ನಿಮ್ಮ ಮೊಮ್ಮಗ ಬೇಕು.

ನನ್ನ ಮಗಳು ಲೌರಿಗೆ ಕರಾವಳಿ ಬಸ್ಸಿನಲ್ಲಿ ಡ್ರೈವರ್ ಕೆಲಸ ಸಿಕ್ಕಿದೆ. ಅವಳ ಗಂಡ ವಿಚ್ಛೇದನದ ಕಾಗದಕ್ಕೆ ಸಹಿ ಹಾಕಿ ಕಾಲಿಗೆ ಬುದ್ಧಿ ಹೇಳಿದ ಮೇಲೆ ಅವಳ ಮುಖದಲ್ಲಿ ನಗು ಕಂಡದ್ದು ಇದೇ ಮೊದಲು. ಎರಡೂವರೆ ವರ್ಷದ ಎಫಾಳನ್ನು ನೋಡಿಕೊಳ್ಳಲು ಅಜ್ಜಿ ನಾನಿದ್ದೇನೆ, ನಿಜ. ಆದರೆ ರಜೆಗೆ ಬರುವವರ ಬಾಡಿಗೆ ಮನೆಗಳನ್ನು ಗುಡಿಸಿ ಒರೆಸಿ ಹೊಟ್ಟೆ ಹೊರೆಯುವವಳು ನಾನು. ಮಗುವನ್ನು ಎತ್ತಿಕೊಂಡರೆ ಪೊರಕೆ ಬಿಡಬೇಕು, ಪೊರಕೆ ಬಿಟ್ಟರೆ ನನ್ನ ಒಲೆ ಉರಿಯುವುದಿಲ್ಲ. ಅದಕ್ಕೇ ಲೌರಿ ಮಕ್ಕಳಿರುವ ಮನೆಗಳಿಗೆ ಸರ್ಕಾರ ಕೊಡುವ ಟ್ಯಾಕ್ಸ್ ಕ್ರೆಡಿಟ್ ವಿಚಾರಿಸಿದಳು. ದುಡಿಯುವ ತಾಯಿ ಮಗುವಿನ ಆಯಾಗೆ ಹತ್ತು ಪೌಂಡ್ ಕೊಟ್ಟರೆ ಎಂಟನ್ನು ಸರ್ಕಾರ ತುಂಬಿಕೊಡುತ್ತದಂತೆ. ಆದರೆ ಆಯಾ ಸ್ವಂತ ಅಜ್ಜಿಯಾದರೆ ಬಿಡಿಗಾಸೂ ಇಲ್ಲ! ಅಜ್ಜಿಗೂ ಸಿಗಬೇಕಾದರೆ ಅವಳು ಕಾನೂನು ಪ್ರಕಾರ ನೋಂದಣಿಯಾದ ಆಯಾ ಆಗಿರಬೇಕು, ಮತ್ತು ತನಗೆ ಸಂಬಂಧವೇ ಇಲ್ಲದ ಒಂದು ಮಗುವನ್ನೂ ಜೊತೆಗೆ ನೋಡಿಕೊಳ್ಳುತ್ತಿರಬೇಕು.

ವೇಲ್ಸಿನ ಈ ಮೂಲೆಯಲ್ಲಿ, ನಮ್ಮ ಊರಿನಲ್ಲಿ, ಶಾಲೆಗೆ ಹೋಗದ ಮಕ್ಕಳು ಉಳಿದಿರುವುದೇ ಎರಡು. ಒಂದು ನನ್ನದು, ಒಂದು ನಿಮ್ಮದು. ಮಿಕ್ಕವೆಲ್ಲ ಬೇಸಿಗೆಗೆ ಬಂದು ಮರಳಾಡಿ ಹೋಗುವ ಇಂಗ್ಲಿಷರ ಮಕ್ಕಳು. ನಿಮ್ಮ ಮನೆಗೂ ನಮ್ಮ ಮನೆಗೂ ಯಾವ ಸಂಬಂಧವೂ ಇಲ್ಲವೆಂದು ಇಡೀ ಊರೇ ಸಾಕ್ಷಿ ಹೇಳುತ್ತದೆ. ಹಾಗಾಗಿ ನಿಮ್ಮ ಗ್ವಿಯೊನ್‌ಗಿಂತ ತಕ್ಕ ಮಗು ನನಗೆ ಸಿಗಲಾರದು.

ಇದು ಆಗದಿದ್ದರೆ ಕ್ರಿಸ್ಮಸ್ಸಿನೊಳಗೆ ಲೌರಿ ಎಫಾಳನ್ನು ಕಟ್ಟಿಕೊಂಡು ಕಾರ್ಡಿಫಿಗೆ ಹೋಗುತ್ತಾಳೆ. ಅಲ್ಲಿ ಕೆಲಸವಿದೆ, ಶಿಶುವಿಹಾರವಿದೆ. ನನಗೆ ಅದು ಬೇಡ. ಆ ಮಗು ಇಲ್ಲದ ಮನೆಯಲ್ಲಿ ನಾನು ಏನು ಮಾಡಲಿ?

ಇಂತಿ,
ನೆಸ್ಟಾ ಪ್ರಿಚರ್ಡ್


ಹವೋದ್, ಚಾಪೆಲ್ ಬೀದಿ
7 ಸೆಪ್ಟೆಂಬರ್ 2007

ಶ್ರೀಮತಿ ಪ್ರಿಚರ್ಡ್ ಅವರಿಗೆ,

ಪತ್ರ ತಲುಪಿತು. ಅದು ಬ್ಯಾಂಗೋರ್‌ವರೆಗೆ ಹೋಗಿ ಮುದ್ರೆ ಒತ್ತಿಸಿಕೊಂಡು ಬಂದು ಬೀದಿ ದಾಟಿದೆ. ಕೊಡುವಾಗ ಅಂಚೆಯವನು ಹಲ್ಲು ಕಿರಿದ.

ಗ್ವಿಯೊನ್‌ನನ್ನು ಕಳಿಸಲಾಗುವುದಿಲ್ಲ. ಅವನ ತಾಯಿ ನನ್ನ ಮಗ ಗೆಥಿನ್‌ಗೆ ವಿಚ್ಛೇದನ ಕೊಟ್ಟು ಮ್ಯಾಂಚೆಸ್ಟರ್‌ಗೆ ಹೋದ ಮೇಲೆ ಅವನಿಗೆ ನನ್ನ ಮಡಿಲಿನ ಅಭ್ಯಾಸವೇ ಹೊರತು ಬೇರೆಯವರದ್ದಿಲ್ಲ. ಗೆಥಿನ್ ದಿನವಿಡೀ ಹಾಲಿನ ಟ್ಯಾಂಕರ್ ಓಡಿಸುತ್ತಾನೆ, ಮಗುವನ್ನು ನಾನು ನೋಡಿಕೊಳ್ಳುತ್ತೇನೆ. ನಮಗೆ ಸರ್ಕಾರದ ದುಡ್ಡು ಬೇಕಾಗಿಲ್ಲ.

ಪತ್ರ ಬರೆಯುತ್ತಿರುವುದರಿಂದ ಇನ್ನೊಂದು ಮಾತು. ಎಂಟು ವರ್ಷದ ಹಿಂದೆ ಪ್ರಾರ್ಥನೆಗೆ ಜನ ಸಾಲದೆ ಊರಿನ ಎರಡು ಚಾಪೆಲ್ ಒಂದಾಗುವಾಗ ನಿಮ್ಮ ಎಬೆನೆಸರ್ ಮುಚ್ಚಿ ನಮ್ಮ ಸಲೆಮ್ ಉಳಿಸಬೇಕೆಂದು ತೀರ್ಮಾನಿಸಿದ್ದು ಸಭೆ. ಕಾರ್ಯದರ್ಶಿಯಾಗಿ ನಾನು ಎತ್ತಿದ ಕೈಗಳನ್ನು ಎಣಿಸಿದೆ, ಅಷ್ಟೇ. ಇದನ್ನು ಹೇಳಬೇಕೆಂದಿರಲಿಲ್ಲ, ಹೇಳಿಬಿಟ್ಟೆ.

ಎಫಾಳ ವಿಷಯ ಕೇಳಿ ಬೇಸರವಾಯಿತು.

ಇಂತಿ,
ಡಿ. ಎಲ್ಲಿಸ್ (ಶ್ರೀಮತಿ)


ಹವೋದ್
19 ಅಕ್ಟೋಬರ್ 2007

ಶ್ರೀಮತಿ ಪ್ರಿಚರ್ಡ್ ಅವರಿಗೆ,

ಎಡ ಸೊಂಟದ ಕೀಲು ಬದಲಿಸಲು ಆಸ್ಪತ್ರೆಯಿಂದ ಕೊನೆಗೂ ಕರೆ ಬಂದಿದೆ. ನವೆಂಬರ್ ಹನ್ನೆರಡಕ್ಕೆ. ಆಮೇಲೆ ಬಹಳ ದಿನ ಮಗುವನ್ನು ಎತ್ತುವಂತಿಲ್ಲ, ಬಗ್ಗುವಂತಿಲ್ಲ. ಈ ಸಲ ಬಿಟ್ಟರೆ ಮತ್ತೆ ಸರದಿ ಯಾವಾಗಲೋ ದೇವರೇ ಬಲ್ಲ.

ನಿಮ್ಮ ಬೇಡಿಕೆ ಇನ್ನೂ ಇದ್ದರೆ ಗ್ವಿಯೊನ್‌ನನ್ನು ಕಳಿಸುತ್ತೇನೆ. ಗೆಥಿನ್ ಕೂಡ ಟ್ಯಾಕ್ಸ್ ಕ್ರೆಡಿಟ್‌ಗೆ ಅರ್ಜಿ ಹಾಕುತ್ತಾನೆ, ಆದ್ದರಿಂದ ಇದು ಉಪಕಾರವಲ್ಲ, ವ್ಯವಹಾರ. ಕೆಲವು ಷರತ್ತುಗಳಿವೆ. ಅವನಿಗೆ ಸಕ್ಕರೆ ಕೊಡಬಾರದು. ಕಿವಿ ಮುಚ್ಚುವ ಟೋಪಿ ಇಲ್ಲದೆ ಹೊರಗೆ ಬಿಡಬಾರದು. ಚಾಪೆಲ್ ಜಗಳವನ್ನು ಅವನ ಮುಂದೆ ಎತ್ತಬಾರದು. ಅವನು ನೈನ್ ಎಂದು ಕರೆಯುವುದು ನನ್ನೊಬ್ಬಳನ್ನೇ. ಅವನಿಗಿರುವ ಅಜ್ಜಿ ನಾನು. ನಿಮ್ಮನ್ನು ಅವನು ಮಿಸೆಸ್ ಪ್ರಿಚರ್ಡ್ ಎನ್ನಲಿ.

ಇಂತಿ,
ಡಿ. ಎಲ್ಲಿಸ್ (ಶ್ರೀಮತಿ)


ಬ್ರಿನ್ ಅವೆಲ್
2 ನವೆಂಬರ್ 2007

ಶ್ರೀಮತಿ ಎಲ್ಲಿಸ್ ಅವರಿಗೆ,

ಎಲ್ಲ ಷರತ್ತಿಗೂ ಒಪ್ಪಿಗೆ, ಸಕ್ಕರೆಯದ್ದೊಂದು ಬಿಟ್ಟು. ಕಾವಲಿಯ ಮೇಲಿಂದ ಬಿಸಿ ಬಿಸಿ ಕೇಕ್ ತೆಗೆದು ಎಫಾಗೆ ಕೊಡುವಾಗ ಅವನು ಬೆರಳು ಚೀಪುತ್ತಾ ಕೂರಬೇಕೇ? ಅಂಥ ಪಾಪ ನನ್ನಿಂದಾಗದು.

ನೀವು ಒಲ್ಲೆ ಎಂದ ಮರುದಿನವೇ ನಾನು ನೋಂದಣಿಗೆ ಅರ್ಜಿ ಹಾಕಿದ್ದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ಲೌರಿ ನಕ್ಕಳು. ಈಗ ಯಾರು ನಗುತ್ತಾರೋ ನೋಡೋಣ. ಆದರೆ ಪಟ್ಟ ಪಾಡು ಕೇಳಬೇಡಿ. ಬೇರೆ ಮಗು ಇಲ್ಲದೆ ನೋಂದಣಿ ಇಲ್ಲ, ನೋಂದಣಿ ಇಲ್ಲದೆ ಬೇರೆ ಮಗುವನ್ನು ಮನೆಗೆ ತರುವಂತಿಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಕಥೆ! ನಿಮ್ಮ ಪತ್ರ ತೋರಿಸಿದ ಮೇಲೆ ಗಂಟು ಬಿಚ್ಚಿತು.

ಪ್ರಥಮ ಚಿಕಿತ್ಸೆಯ ತರಗತಿಯಲ್ಲಿ ಒಂದು ಪ್ಲಾಸ್ಟಿಕ್ ಕೂಸಿನ ಬಾಯಿಗೆ ಉಸಿರು ಊದಿದೆ. ಇಪ್ಪತ್ತರ ಹುಡುಗಿಯರ ನಡುವೆ ಐವತ್ತೆಂಟರ ನಾನು! ಅವರ ಕೂಸುಗಳೆಲ್ಲ ಸತ್ತವು, ನನ್ನದು ಬದುಕಿತು. ಆಮೇಲೆ ಮನೆ ತಪಾಸಣೆಗೆ ಬೆವನ್ ಮೇಡಂ ಬಂದರು. ಒಲೆಗೆ ಕಟಕಟೆ, ಮೆಟ್ಟಿಲಿಗೆ ಗೇಟು, ಕಪಾಟಿಗೆ ಬೀಗ, ಎಲ್ಲ ಇಣುಕಿ ನೋಡಿದರು.

"ಬೆಂಕಿ ಬಿದ್ರೆ ಏನ್ ಮಾಡ್ತೀರಿ?" ಅಂದರು.

"ಎರಡನ್ನೂ ಕಂಕುಳಲ್ಲಿ ಇರುಕ್ಕೊಂಡು ಓಡ್ತೀನಿ."

"ಎಲ್ಲಿಗೆ?"

"ಎದುರು ಮನೆಗೆ."

ಬಾಯಿ ತಪ್ಪಿ ಬಂದುಬಿಟ್ಟಿತು. ನಾಲಿಗೆ ಕಚ್ಚಿಕೊಳ್ಳುವಷ್ಟರಲ್ಲಿ ಅವರು ಬರೆದುಕೊಂಡಾಗಿತ್ತು. ಹಾಗಾಗಿ ಬೆಂಕಿ ಬಿದ್ದ ದಿನ ನೀವು ಬಾಗಿಲು ತೆರೆಯಲೇಬೇಕಾಗುತ್ತದೆ, ಸರ್ಕಾರಿ ಕಡತದಲ್ಲಿದೆ.

ಆಪರೇಷನ್ ಸುಸೂತ್ರವಾಗಿ ನಡೆಯಲಿ.

ಇಂತಿ,
ನೆಸ್ಟಾ ಪ್ರಿಚರ್ಡ್


ಬ್ರಿನ್ ಅವೆಲ್
20 ನವೆಂಬರ್ 2007

ಶ್ರೀಮತಿ ಎಲ್ಲಿಸ್ ಅವರಿಗೆ,

ಆಸ್ಪತ್ರೆಯ ವಿಳಾಸಕ್ಕೇ ಬರೆಯುತ್ತಿದ್ದೇನೆ. ಮಗುವಿನ ಚಿಂತೆಯಲ್ಲಿ ನೀವು ನರ್ಸುಗಳ ತಲೆ ತಿನ್ನುತ್ತಿರುತ್ತೀರಿ ಎಂದು ಗೊತ್ತು.

ಮೊದಲ ದಿನ ಗ್ವಿಯೊನ್ ಕಿಟಕಿಯ ಹತ್ತಿರ ನಿಂತು ನಿಮ್ಮ ಮನೆ ನೋಡುತ್ತಾ ಅತ್ತ. ನಾನೂ ಪಕ್ಕದಲ್ಲಿ ನಿಂತೆ. ಆ ಕಿಟಕಿಯಿಂದ ನಿಮ್ಮ ಮನೆ ನೋಡುವ ಅಭ್ಯಾಸ ನನಗೂ ಇದೆ. ಎರಡನೇ ದಿನ ಎಫಾ ತನ್ನ ಗಂಬೂಟು ಅವನಿಗೆ ಕೊಟ್ಟಳು, ಅಳು ನಿಂತಿತು. ಮೂರನೇ ದಿನ ಅವಳು ಅದನ್ನು ಕಿತ್ತುಕೊಂಡಳು, ಊರಿಗೆಲ್ಲ ಕೇಳಿಸಿತು.

ಒಂದು ತಪ್ಪಾಗಿದೆ, ನನ್ನದಲ್ಲ. ಎಫಾ ನೈನ್ ಅನ್ನುವುದನ್ನು ಕೇಳಿ ಅವನೂ ನನ್ನನ್ನು ನೈನ್ ಎಂದ. "ಮಿಸೆಸ್ ಪ್ರಿಚರ್ಡ್ ಅನ್ನಬೇಕು, ಪುಟ್ಟಾ" ಎಂದು ತಿದ್ದಿದೆ. ಮತ್ತೆ ನೈನ್ ಎಂದ. ಎಫಾ ಅವನ ಬೆನ್ನಿಗೆ ಗುದ್ದಿ, "ನನ್ನ ನೈನ್!" ಅಂದಳು. ಅವನು, "ನಂಗೆ ಇನ್ನೊಂದಿದೆ, ದೊಡ್ಡದು" ಅಂದ. ದೊಡ್ಡದು ಎಂದದ್ದು ನಿಮ್ಮನ್ನೇ. ಆಸ್ಪತ್ರೆ ಊಟದಿಂದ ಸ್ವಲ್ಪ ಇಳಿದಿದ್ದೀರೋ ಹೇಗೆ?

ಮಗು ಕ್ಷೇಮ. ಟೋಪಿ ಹಾಕಿಯೇ ಬಿಡುತ್ತೇನೆ.

ಇಂತಿ,
ನೆಸ್ಟಾ ಪಿ.


ಹವೋದ್
16 ಜನವರಿ 2008

ನೆಸ್ಟಾ ಅವರಿಗೆ,

ಊರುಗೋಲು ಹಿಡಿದು ಕಿಟಕಿಯವರೆಗೆ ನಡೆಯುತ್ತೇನೆ. ಡಾಕ್ಟರ್ ನಡೆಯಿರಿ ಎಂದಿದ್ದಾರೆ, ಅದರಿಂದ ಎದುರು ಮನೆ ಕಂಡರೆ ಅದು ನನ್ನ ತಪ್ಪಲ್ಲ. ಮಂಗಳವಾರ ಗ್ವಿಯೊನ್‌ನ ಟೋಪಿ ಎಫಾಳ ತಲೆಯ ಮೇಲಿತ್ತು. ಗಮನಿಸಿ.

ಇನ್ನೊಂದು ವಿಷಯ. ಮಗುವನ್ನು ಕರೆದುಕೊಂಡು ಹೋಗಲು ಬರುವ ಗೆಥಿನ್‌ನ ಟ್ಯಾಂಕರ್ ನಿಮ್ಮ ಗೇಟಿನ ಮುಂದೆ ನಿಲ್ಲುವ ಹೊತ್ತು ದಿನೇ ದಿನೇ ಹೆಚ್ಚಾಗುತ್ತಿದೆ. ಮೊದಮೊದಲು ಎಂಜಿನ್ ಆರಿಸುತ್ತಲೂ ಇರಲಿಲ್ಲ. ಈಗ ಆರಿಸಿ, ತಲೆ ಬಾಚಿಕೊಂಡು ಇಳಿಯುತ್ತಾನೆ. ಅಷ್ಟು ಹೊತ್ತಿಗೆ ಲೌರಿಯೂ ಬಸ್ಸು ಬಿಟ್ಟು ಬಂದಿರುತ್ತಾಳೆ. ಒಂದು ಮಗುವಿಗೆ ಕೋಟು ತೊಡಿಸಲು ಇಬ್ಬರು ದೊಡ್ಡವರಿಗೆ ಇಷ್ಟು ಹೊತ್ತು ಬೇಕೇ? ನೀನು ಅಲ್ಲೇ ಇರುತ್ತೀಯಲ್ಲ, ಏನು ನಡೆಯುತ್ತಿದೆ ಹೇಳು.

ಡಿಲಿಸ್ ಎಲ್ಲಿಸ್


ಬ್ರಿನ್ ಅವೆಲ್
18 ಜನವರಿ 2008

ಡಿಲಿಸ್,

ಕೊನೆಯ ಸಾಲಿಗೆ ಬರುವಷ್ಟರಲ್ಲಿ ನೀವು ಹೋಗಿ ನೀನು ಬಂದಿದೆ. ನೋಡಿಯೂ ನೋಡದ ಹಾಗೆ ಇರೋಣವೆಂದುಕೊಂಡೆ, ಆಗಲಿಲ್ಲ. ಒಂದೇ ಬೆಂಚಿನಲ್ಲಿ ಕೂತು ಅಕ್ಷರ ಕಲಿತವರಿಗೆ ಈ ನೀವು ಗೀವು ಬಿಗಿಯಾದ ಬೂಟಿನ ಹಾಗೆ ಕಚ್ಚುತ್ತಿತ್ತು.

ಏನು ನಡೆಯುತ್ತಿದೆ ಎಂದು ಕೇಳಿದ್ದೀಯ. ನಿನ್ನೆಯ ಮಾತು ಹಾಗೆಯೇ ಬರೆಯುತ್ತೇನೆ. ನಾನು ಆಲೂಗಡ್ಡೆ ಹೆಚ್ಚುತ್ತಾ ಕಿವುಡಿಯ ಹಾಗೆ ಇದ್ದೆ.

ನಿನ್ನ ಮಗ ಅಂದ, "ಬೆಟ್ಟದ ತಿರುವಲ್ಲಿ ದಾರಿ ಬಿಡ್ಲೇ ಇಲ್ವಲ್ಲ ನೀನು."

"ನನ್ನ ಬಸ್ ತುಂಬ ಜನ ಇದ್ರು. ನಿನ್ನ ಟ್ಯಾಂಕರಲ್ಲಿ ಬರೀ ಹಾಲು. ಯಾರು ಹಿಂದೆ ಹೋಗ್ಬೇಕು ನೀನೇ ಹೇಳು."

"ಹಾಲು ಒಡೆದು ಹೋಗುತ್ತಲ್ಲ ಮಾರಾಯ್ತಿ."

"ನಮ್ಮ ಬಸ್ಸಿನ ಮುದುಕೀರ ತಾಳ್ಮೆ ಅದಕ್ಕಿಂತ ಬೇಗ ಒಡೆಯುತ್ತೆ."

ಇಬ್ಬರೂ ನಕ್ಕರು. ಆ ಓಣಿಯಲ್ಲಿ ಎರಡು ಗಾಡಿಗೆ ಜಾಗವಿಲ್ಲ ಎಂಬುದು ನಿನಗೇ ಗೊತ್ತು. ಅಷ್ಟು ಹಾಲು ಹೊತ್ತ ಟ್ಯಾಂಕರನ್ನು ನಿನ್ನ ಮಗ ಸೇತುವೆಯವರೆಗೂ ಹಿಂದೆ ಹಿಂದೆ ಓಡಿಸಿ ಅವಳಿಗೆ ದಾರಿ ಬಿಟ್ಟನಂತೆ. ಗಂಡಸರು ಅಷ್ಟು ದೂರ ಸುಮ್ಮಸುಮ್ಮನೆ ಹಿಂದಕ್ಕೆ ಹೋಗುವುದಿಲ್ಲ, ಡಿಲಿಸ್. ಬೆಟ್ಟದ ನೆಲ್ಲಿಕಾಯಿಗೂ ಸಮುದ್ರದ ಉಪ್ಪಿಗೂ ನಂಟು ಅನ್ನುತ್ತಾರಲ್ಲ, ಇಲ್ಲಿ ಬೀದಿಯ ಈ ಬದಿಗೂ ಆ ಬದಿಗೂ ಆಗುತ್ತಿದೆ. ನನಗಂತೂ ಖುಷಿಯೋ ಖುಷಿ. ನಿನ್ನ ಮುಖ ಹೇಗಿದೆಯೋ ಕಿಟಕಿಯಿಂದ ಸರಿಯಾಗಿ ಕಾಣುವುದಿಲ್ಲ.

ನೆಸ್ಟಾ


ಹವೋದ್
27 ಮಾರ್ಚ್ 2008

ನೆಸ್ಟಾ,

ನನ್ನ ಮುಖ ಚೆನ್ನಾಗಿಯೇ ಇತ್ತು, ನಿನ್ನೆಯವರೆಗೆ. ಊಟದ ಹೊತ್ತಿಗೆ ಗೆಥಿನ್‌ನನ್ನು ಕೇಳಿಯೇಬಿಟ್ಟೆ.

"ಮದುವೆ ಯಾವಾಗ್ಲೋ?"

"ಮದುವೆ ಇಲ್ಲಮ್ಮ."

"ಯಾಕೆ, ಅವಳಲ್ಲಿ ಏನ್ ಕೊರತೆ?"

"ಅವಳಲ್ಲಿಲ್ಲ, ಕಾನೂನಲ್ಲಿದೆ. ನಾವು ಮದುವೆ ಆದ ಗಳಿಗೆಯಿಂದ ಗ್ವಿಯೊನ್ ನೆಸ್ಟಾ ಆಂಟಿಗೆ ಮೊಮ್ಮಗ. ಆಮೇಲೆ ಅವರ ಮನೇಲಿ ಹೊರಗಿನ ಮಗು ಎಲ್ಲಿದೆ? ಎರಡು ಮಕ್ಕಳ ದುಡ್ಡೂ ನಿಂತುಹೋಗುತ್ತೆ. ಅಷ್ಟನ್ನೂ ಕೈಯಿಂದ ಕೊಡೋಕೆ ನಮ್ಮಿಬ್ಬರ ಸಂಬಳ ಸಾಲಲ್ಲ. ಲೌರಿ ಬಸ್ಸಿನ ಕೆಲಸ ಬಿಡ್ಬೇಕಾಗುತ್ತೆ."

"ಮದುವೆ ಆಗ್ದೆ ಒಟ್ಟಿಗಿದ್ರೆ?"

"ಅವರ ಲೆಕ್ಕದಲ್ಲಿ ಅದೂ ಸಂಸಾರವೇ. ಮುಚ್ಚಿಡಬೇಕು. ಲೌರಿ ಸುಳ್ಳು ಹೇಳೋಳಲ್ಲ."

ಇವನು ಅವಳಿಗೆ, ಮಕ್ಕಳು ದೊಡ್ಡವರಾಗುವ ತನಕ ಕಾಯೋಣ ಎಂದನಂತೆ. ಅವಳು ಏನೆಂದಳು ಗೊತ್ತೇ? "ಬೀದಿಯ ಆಚೆ ಈಚೆ ನಿಂತ್ಕೊಂಡು ವರ್ಷಗಟ್ಟಲೆ ಮುಖ ನೋಡ್ಕೊಂಡಿರೋಕೆ ನಾವೇನು ನಮ್ಮಮ್ಮನೂ ನಿಮ್ಮಮ್ಮನೂ ಅಲ್ಲ." ಹಾಗಿರುವುದಕ್ಕಿಂತ ಬೇಸಿಗೆ ಮುಗಿಯುತ್ತಲೇ ಎಫಾಳನ್ನು ಕರೆದುಕೊಂಡು ಕಾರ್ಡಿಫಿಗೆ ಹೋಗುತ್ತಾಳಂತೆ. ನಿನಗೆ ಹೇಳುವ ಧೈರ್ಯ ಅವಳಿಗಿಲ್ಲ, ಅದಕ್ಕೇ ನಾನು ಹೇಳುತ್ತಿದ್ದೇನೆ.

ನೆಸ್ಟಾ, ಅವರಿಬ್ಬರ ಮದುವೆಯಾಗಬೇಕು, ದುಡ್ಡೂ ಬರಬೇಕು, ಎಂದರೆ ಯಾರಿಗೂ ಸಂಬಂಧವಿಲ್ಲದ ಇನ್ನೊಂದು ಮಗು ನಿನ್ನ ಮನೆಗೆ ಬರಬೇಕು. ಅಂಥ ಒಂದು ಮಗು ಊರಿಗೆ ಬಂದಿದೆ. ರಜೆಯ ಮನೆಯೆಂದು ಕೊಂಡವರು ಹೊಸ ವರ್ಷದಿಂದ ಇಲ್ಲೇ ನೆಲೆಸಿದ್ದಾರೆ, ಎಂಟು ತಿಂಗಳ ಕೂಸಿದೆ, ತಾಯಿ ಮತ್ತೆ ಕೆಲಸಕ್ಕೆ ಹೋಗಬೇಕು, ಆಯಾ ಸಿಗುತ್ತಿಲ್ಲ. ಮುಚ್ಚಿದ ಚಾಪೆಲನ್ನೇ ಮನೆ ಮಾಡಿಕೊಂಡಿದ್ದಾರೆ, ಯಾವುದೆಂದು ನಿನಗೆ ಹೊಳೆದಿರಬೇಕು. ಎಬೆನೆಸರ್.

ಅಲ್ಲಿಗೆ ಹೋಗು ಎಂದು ನಿನಗೆ ಹೇಳುವ ಬಾಯಿ ನನಗಿಲ್ಲ. ಈ ಕಾಲು ಗುಡ್ಡ ಹತ್ತುವಂತಿದ್ದರೆ ನಾನೇ ಹೋಗಿ ಕೇಳುತ್ತಿದ್ದೆ.

ಡಿಲಿಸ್


ಬ್ರಿನ್ ಅವೆಲ್
9 ಏಪ್ರಿಲ್ 2008

ಡಿಲಿಸ್,

ನಿನ್ನ ಪತ್ರ ಬಂದ ಮೇಲೆ ನಿನ್ನ ಮೇಲೂ ಸರ್ಕಾರದ ಮೇಲೂ ಲೌರಿಯ ಮೇಲೂ ಸರದಿಯ ಪ್ರಕಾರ ಸಿಟ್ಟು ಮಾಡಿಕೊಂಡೆ. ಆ ಬಾಗಿಲು ಮುಚ್ಚಿದ ಮೇಲೆ ನಾನು ಆ ಗುಡ್ಡದ ದಾರಿಯನ್ನೇ ತುಳಿದಿರಲಿಲ್ಲ. ಭಾನುವಾರ ಪ್ರಾರ್ಥನೆಗೆ ಬಸ್ಸು ಹಿಡಿದು ಪಕ್ಕದ ಊರಿಗೆ ಹೋಗುತ್ತೇನೆಯೇ ಹೊರತು ನಿಮ್ಮ ಸಲೆಮ್‌ಗೂ ಕಾಲಿಟ್ಟವಳಲ್ಲ. ಆದರೆ ಎಫಾ ನಿದ್ದೆಗಣ್ಣಿನಲ್ಲಿ ನನ್ನ ಕಿವಿ ಹಿಡಿದುಕೊಂಡು ಮಲಗುತ್ತಾಳೆ. ಆ ಕೈ ಕಾರ್ಡಿಫಿನಲ್ಲಿ ಯಾರ ಕಿವಿ ಹುಡುಕೀತು? ಇವತ್ತು ಕೋಟು ತೊಟ್ಟು ಹೋದೆ.

ಒಳಗೆ ಹೇಗಿದೆ ಗೊತ್ತೇ? ಮೇಲೆ ನಮ್ಮ ನೀಲಿ ಗಾಜಿನ ಕಿಟಕಿ ಹಾಗೆಯೇ ಇದೆ. ಪ್ರವಚನ ಪೀಠದ ಕೆಳಗೆ ಸ್ನಾನದ ತೊಟ್ಟಿ ಇದೆ. ನನ್ನ ಗಂಡ ಇದ್ವಾಲ್‌ನನ್ನು ಮಣ್ಣು ಮಾಡುವ ದಿನ ಪೆಟ್ಟಿಗೆ ಇಟ್ಟಿದ್ದ ಜಾಗದಲ್ಲಿ ಫ್ರಿಜ್ಜು ನಿಂತಿದೆ. ಅದರ ಬಾಗಿಲ ಮೇಲೆ ಕೈಯಿಟ್ಟೆ. ಆಮೇಲೆ ಇದ್ವಾಲ್ ಬದುಕಿದ್ದಾಗ ಯಾರ ಮನೆಗೆ ಹೋದರೂ ಮೊದಲು ಹುಡುಕುತ್ತಿದ್ದುದು ಬಿಯರನ್ನೇ ಎಂಬುದು ನೆನಪಾಗಿ ನಗು ಬಂತು.

ಮನೆಯ ಯಜಮಾನ ಸೈಮನ್ ಮುಜುಗರದಿಂದ ಕೈ ಹೊಸೆದ. "ತೊಟ್ಟಿ ಅಲ್ಲಿ ಇಟ್ಟಿದ್ದು ನಿಮಗೆ ಬೇಜಾರಾಯ್ತೇನೋ?"

"ನಾವು ಅಲ್ಲಿ ಕೂತು ನಿದ್ದೆ ಮಾಡ್ತಿದ್ವಿ. ನೀವು ಸ್ನಾನನಾದ್ರೂ ಮಾಡ್ತೀರಲ್ಲಪ್ಪ" ಅಂದೆ.

ಹೆಂಡತಿ ಜೊವಾನಾ ಒಳ್ಳೆಯವಳು, ಹೆದರಿಕೊಂಡಿದ್ದಾಳೆ. ಊರವರು ಯಾರೂ ಮಾತಾಡಿಸುವುದಿಲ್ಲವಂತೆ. ನಮ್ಮ ಊರಿನವರು ನಮ್ಮನಮ್ಮೊಳಗೇ ಮಾತಾಡುವುದಿಲ್ಲ, ನೀನು ಬೇಸರ ಮಾಡ್ಕೋಬೇಡ ಎಂದು ಸಮಾಧಾನ ಹೇಳಿದೆ. ಬಾರ್ನಬಿ ಎಂದು ಕೂಸಿನ ಹೆಸರು. ಗುಂಡಗೆ, ಬೋಳು ತಲೆ, ಚಾಪೆಲ್ಲಿನ ಹಳೆಯ ಹಿರಿಯರ ಹಾಗೆಯೇ ಗಂಭೀರ. ವಾರಕ್ಕೆ ನಾಲ್ಕು ದಿನ ನನ್ನ ಹತ್ತಿರ ಬಿಡುತ್ತಾರೆ. ಅವರ ಕಡೆಯಿಂದ ಷರತ್ತು ಒಂದೇ. ತಾವು ಇಂಗ್ಲಿಷರಾದರೂ ಕೂಸಿನ ಜೊತೆ ನಾನು ನಮ್ಮ ವೇಲ್ಸ್ ಭಾಷೆಯಲ್ಲೇ ಮಾತಾಡಬೇಕಂತೆ. ಕೇಳಿ ಅಲ್ಲೇ ಅತ್ತುಬಿಟ್ಟೆ, ಡಿಲಿಸ್, ಆ ಫ್ರಿಜ್ಜಿಗೆ ಒರಗಿಕೊಂಡು.

ಲೌರಿಗೆ ಹೇಳಿದೆ. ಅವಳು ಚೀಲ ಕಟ್ಟುವುದು ಬಿಟ್ಟು ನೇರ ಟ್ಯಾಂಕರ್ ನಿಲ್ಲುವ ಕಡೆಗೆ ಓಡಿದಳು. ಟೋಪಿಯನ್ನೂ ಹಾಕಿಕೊಳ್ಳಲಿಲ್ಲ. ನೀನು ನೋಡಿಯೇ ಇರುತ್ತೀಯ.

ನೆಸ್ಟಾ


ಹವೋದ್
12 ಏಪ್ರಿಲ್ 2008

ನೆಸ್ಟಾ,

ನೋಡಿದೆ.

ಮದುವೆ ಜುಲೈ ಐದು, ಶನಿವಾರ. ಸಲೆಮ್‌ನಲ್ಲಿ ಮಾಡಬೇಕೆಂದು ಮಕ್ಕಳ ಆಸೆ. ನೀನು ಬರದಿದ್ದರೆ ಬೇರೆ ಕಡೆ ಮಾಡೋಣ ಎಂದೂ ಹೇಳಿದ್ದಾರೆ. ಬರುವುದಾದರೆ ಎಡಗಡೆಯ ಮುಂದಿನ ಬೆಂಚು ನಿನ್ನದು. ಎರಡು ಚಾಪೆಲ್ ಒಂದಾದ ವಾರವೇ ಅದನ್ನು ನಿನ್ನ ಹೆಸರಿಗೆ ಹಂಚಿದ್ದೆ. ಅಂದಿನಿಂದ ಅಲ್ಲಿ ಯಾರನ್ನೂ ಕೂರಲು ಬಿಟ್ಟಿಲ್ಲ. ಪಾದ್ರಿಯ ಹೆಂಡತಿ ಒಮ್ಮೆ ಕೂತಿದ್ದಳು, ಎಬ್ಬಿಸಿದೆ.

ಡಿಲಿಸ್


ಬ್ರಿನ್ ಅವೆಲ್, ಚಾಪೆಲ್ ಬೀದಿ
7 ಜುಲೈ 2008

ನೋಂದಣಿ ಕಚೇರಿಯ ಬೆವನ್ ಮೇಡಂ ಅವರಿಗೆ,

ನಾನು ನೋಡಿಕೊಳ್ಳುವ ಮಕ್ಕಳ ವಿವರದಲ್ಲಿ ಬದಲಾವಣೆಯಾಗಿದೆ, ತಿಳಿಸುತ್ತಿದ್ದೇನೆ. ಮಗಳು ಮತ್ತು ಅಳಿಯ ಟ್ಯಾಕ್ಸ್ ಕ್ರೆಡಿಟ್‌ನವರಿಗೆ ತಾವೇ ಬರೆದಿದ್ದಾರೆ, ಇನ್ನು ಅವರದು ಒಂದೇ ಮನೆ, ಒಂದೇ ಅರ್ಜಿ.

ಎಬೆನೆಸರ್ ಮನೆಯ ಬಾರ್ನಬಿ ವಾರಕ್ಕೆ ನಾಲ್ಕು ದಿನ ಬರುತ್ತಾನೆ. ಅವನಿಗೂ ನನಗೂ ಸಂಬಂಧವಿಲ್ಲ. ಮೊನ್ನೆ ಮದುವೆಯಲ್ಲಿ ಅವನು ನನ್ನ ಮಡಿಲು ಬಿಟ್ಟು ಇಳಿಯಲಿಲ್ಲ, ಆದರೂ ಕಾನೂನಿನ ಪ್ರಕಾರ ಇಲ್ಲ.

ಎಫಾ ಮೊದಲಿನಂತೆಯೇ ನನ್ನ ಮೊಮ್ಮಗಳು.

ಗ್ವಿಯೊನ್ ಎಲ್ಲಿಸ್ ನನಗೆ ಏನೂ ಆಗಬೇಕಾಗಿಲ್ಲ ಎಂದು ನವೆಂಬರಿನಲ್ಲಿ ನಿಮ್ಮ ಮುಂದೆ ಸಹಿ ಮಾಡಿದ್ದೆ. ಶನಿವಾರ ಮಧ್ಯಾಹ್ನದಿಂದ ಆ ಮಾತು ಸುಳ್ಳಾಗಿದೆ, ದಯವಿಟ್ಟು ತಿದ್ದಿಕೊಳ್ಳಿ. ನಿಜ ಹೇಳಬೇಕೆಂದರೆ ಅದಕ್ಕೂ ಬಹಳ ಮೊದಲೇ ಸುಳ್ಳಾಗಿತ್ತು. ಯಾವ ದಿನದಿಂದ ಎಂದು ನನಗೂ ತಿಳಿಯದು, ಪಕ್ಕದಲ್ಲಿ ಕೂತು ಇದನ್ನು ಬರೆಸುತ್ತಿರುವ ಅವನ ಇನ್ನೊಬ್ಬ ಅಜ್ಜಿಗೂ ತಿಳಿಯದು. ತಡವಾಗಿ ತಿಳಿಸಿದ್ದಕ್ಕೆ ದಂಡವೇನಾದರೂ ಇದ್ದರೆ ಹೇಳಿ, ಇಬ್ಬರೂ ಅರ್ಧರ್ಧ ಕಟ್ಟುತ್ತೇವೆ.

ಇಂತಿ,
ನೆಸ್ಟಾ ಪ್ರಿಚರ್ಡ್
ಡಿಲಿಸ್ ಎಲ್ಲಿಸ್